ಅಪ್ಪನ ಕಾರಿನ ಸೀಟು ಬಿಚ್ಚಿದಾಗ

ನನಗೆ ಅಷ್ಟು ಸುಲಭಕ್ಕೆ ಹೇಸಿಗೆಯಾಗುವುದಿಲ್ಲ. ಜಹೀರಾಬಾದಿನ ಒಂದು ಆಸ್ಪತ್ರೆಯ ಪ್ರಯೋಗಾಲಯದಲ್ಲಿ ನನ್ನ ಕೆಲಸ. ಕಫ, ಮೂತ್ರ, ಮಲ, ಕೀವು, ಜನ ಡಬ್ಬಿಯಲ್ಲಿ ತಂದು ಕೊಟ್ಟದ್ದನ್ನು ಗಾಜಿನ ಪಟ್ಟಿಗೆ ಹಚ್ಚಿ ಪರೀಕ್ಷೆ ಮಾಡುತ್ತೇನೆ. ಆಮೇಲೆ ಕೈ ತೊಳೆದು ಪಕ್ಕದ ಕೋಣೆಯಲ್ಲೇ ಕೂತು ಜೋಳದ ರೊಟ್ಟಿ ಬಿಚ್ಚಿ ತಿನ್ನುತ್ತೇನೆ. ಹೊಸದಾಗಿ ಸೇರಿದವರು ಮೂಗು ಮುಚ್ಚಿಕೊಂಡರೆ ನನಗೆ ನಗು ಬರುತ್ತದೆ. ಹಾಗಿರುವವಳು ಒಂದು ಕಾರಿನ ಹಿಂದಿನ ಸೀಟು ಎತ್ತಿ, ಅಂಗಳದ ನಲ್ಲಿಯ ಹತ್ತಿರ ಓಡಿ ಹೋಗಿ ವಾಂತಿ ಮಾಡಿಕೊಂಡೆನೆಂದರೆ ನನ್ನ ಗಂಡನೇ ನಂಬಲಿಲ್ಲ.

ಕಾರು ಅಪ್ಪನದು. ನಮ್ಮ ತವರುಮನೆ ನಾರಾಯಣಖೇಡದಿಂದ ಕಂಗ್ಟಿಗೆ ಹೋಗುವ ದಾರಿಯ ಒಂದು ಹಳ್ಳಿಯಲ್ಲಿದೆ. ಜೋಳ, ತೊಗರಿ, ಹೆಸರು ಬೆಳೆಯುವ ಮನೆತನ. ನಿವೃತ್ತನಾದ ಒಬ್ಬ ಅಧಿಕಾರಿಯಿಂದ ಅಪ್ಪ ಆ ಗುಂಡು ಮೂತಿಯ ಕಾರನ್ನು ಕೊಂಡಾಗ ನಾನಿನ್ನೂ ಶಾಲೆಯಲ್ಲಿದ್ದೆ. ಹಾಲು ಕಾಸಿದ ಮೇಲೆ ಕಟ್ಟುವ ಕೆನೆಯ ಬಣ್ಣ. ಒಳಗೆ ಅದೇ ಬಣ್ಣದ ರೆಕ್ಸಿನ್ ಸೀಟು, ಅಂಚಿಗೆ ಕಂದು ಪಟ್ಟಿ. ಹೊಲದಿಂದ ಬಂದವರು ಕಾಲು ಝಾಡಿಸದೆ ಹತ್ತುವ ಹಾಗಿರಲಿಲ್ಲ. ಊರಿನ ಬಾಣಂತಿಯರನ್ನು, ಹಾವು ಕಚ್ಚಿದವರನ್ನು ಅಪ್ಪ ಅದರಲ್ಲೇ ದವಾಖಾನೆಗೆ ಒಯ್ಯುತ್ತಿದ್ದ. ಬಂದ ಮೇಲೆ ಹಳೆಯ ಧೋತರದ ತುಂಡು ಒದ್ದೆ ಮಾಡಿ ಸೀಟು ಒರೆಸುತ್ತಿದ್ದ, ಮುಖ ಸಿಂಡರಿಸದೆ. ಕಣ್ಣು ಮಂದವಾದ ಮೇಲೆ ಕೀಲಿಯನ್ನು ನನ್ನ ತಮ್ಮನ ಕೈಗೆ ಕೊಟ್ಟ. ಆಗ ನನ್ನ ಮದುವೆಯಾಗಿ ಎಷ್ಟೋ ಕಾಲವಾಗಿತ್ತು.

ಅಪ್ಪ ತೀರಿಕೊಂಡು ವರ್ಷ ತುಂಬಿದ ಮೇಲೆ ಒಂದು ದಿನ ತಮ್ಮ ಆ ಕಾರನ್ನು ಟ್ರ್ಯಾಕ್ಟರಿಗೆ ಕಟ್ಟಿ ಎಳೆದುಕೊಂಡು ನಮ್ಮ ಮನೆಗೆ ಬಂದ. ಮೇಲೆ ತಾಡಪತ್ರಿ ಹೊದಿಸಿ ಹಗ್ಗ ಬಿಗಿದಿದ್ದ.

"ಅಕ್ಕಾ, ಅಪ್ಪನ ಕಾರ್ ನಿನಗ ಇರ್ಲಿ ಅಂತ ತಂದೀನಿ. ನಿನಗ ಅದರ ಮ್ಯಾಲ ಭಾಳ ಜೀವ ಇತ್ತಲ್ಲ," ಅಂದ.

ಅವನಿಗೆ ಚಹಾ ಮಾಡಿ ಕೊಟ್ಟೆ. ಎರಡು ಗುಟುಕು ಕುಡಿದು ಅವನು ಬಸಿಯನ್ನು ಕೆಳಗಿಟ್ಟ.

"ಮುಂದಿನ ತಿಂಗಳ ಒಂದ್ಸಲ ನಾರಾಯಣಖೇಡಕ್ಕ ಬಂದು ಸಹಿ ಹಾಕಿ ಹೋಗ್ಬೇಕು ನೋಡು. ಹೊಲದ್ದು. ನಿನ್ನ ಪಾಲ್ ಬ್ಯಾಡ ಅಂತ ಬರದು ಕೊಟ್ರ ಎಲ್ಲಾ ನನ್ನ ಹೆಸರಿಗೆ ಆಗ್ತದ. ಅವ್ವನೂ ಅದೇ ಅಂದಾಳ."

ನಾನು "ಆತು" ಅಂದೆ. ಅದರಲ್ಲಿ ವಿಚಾರ ಮಾಡುವುದೇನಿದೆ ಅನ್ನಿಸಿತ್ತು. ನಮ್ಮ ಅತ್ತೆಯರು, ಚಿಕ್ಕಪ್ಪನ ಹೆಣ್ಣುಮಕ್ಕಳು ಎಲ್ಲರೂ ಹಾಗೆಯೇ ಸಹಿ ಹಾಕಿ, ಒಂದು ಸೀರೆ ಉಟ್ಟು, ಹೋಳಿಗೆ ಉಂಡು ಗಂಡನ ಮನೆಗೆ ಹೋದವರು. ನನಗೆ ಸೀರೆಯ ಬದಲು ಕಾರು ಸಿಕ್ಕಿತು ಅಂತ ನನ್ನ ಗಂಡನ ಮುಂದೆ ನಕ್ಕಿದ್ದೂ ಉಂಟು.

ಆ ಭಾನುವಾರ ತಾಡಪತ್ರಿ ಬಿಚ್ಚಿದೆ. ಮೊದಲು ಬಂದದ್ದು ವಾಸನೆ. ಬಿಸಿಲಿಗೆ ಇಟ್ಟ ಹಳಸಿದ ಅನ್ನ, ಇಲಿಯ ಉಚ್ಚೆ, ಹೆಂಡ, ಇವೆಲ್ಲ ಕಲಸಿದ ಒಂದು ಹುಳಿ. ಬಣ್ಣದ ಮಾತಂತೂ ಕೇಳಬೇಡಿ. ಎರಡೂ ಬಾಗಿಲಿಗೆ ಯಾರೋ ಬ್ರಷ್ಷಿನಿಂದ ಅಡ್ಡಾದಿಡ್ಡಿ ನೀಲಿ ಬಳಿದಿದ್ದರು. ಮೂತಿಯ ಮೇಲೆ ಮದುವೆಯ ಹೂವಿನ ಸರ ಅಂಟಿಸಿದ ಟೇಪಿನ ಅಂಟು ವರ್ಷಗಟ್ಟಲೆ ಧೂಳು ಹಿಡಿದು ಕಪ್ಪು ಹಕ್ಕಳೆಯಾಗಿತ್ತು. ಹಿಂದಿನ ಬಾಗಿಲಿನ ಹೊರಗೆ, ಕಿಟಕಿಯಿಂದ ಕೆಳಗಿನವರೆಗೆ, ಕೆಂಪು ಕಂದು ಬಣ್ಣದ ಗೆರೆಗಳು. ತುಕ್ಕು ಅಂದುಕೊಂಡು ಉಗುರಿನಿಂದ ಕೆರೆದೆ. ಗುಟ್ಕಾದ ಉಗುಳು. ಉಗುಳಿನ ಮೇಲೆ ಉಗುಳು ಬಿದ್ದು ವಾರ್ನಿಷ್ ಹಚ್ಚಿದ ಹಾಗೆ ಗಟ್ಟಿಯಾಗಿ ಹೊಳೆಯುತ್ತಿತ್ತು. ಉಗುರಿನ ಸಂದಿಯಲ್ಲಿ ಸಿಕ್ಕಿದ ಆ ಚೂರನ್ನು ತೆಗೆಯಲು ಸಾಬೂನು ಹಚ್ಚಿ ಹಚ್ಚಿ ಕೈ ಉರಿಯಿತು.

ಒಳಗಿನದು ಇನ್ನೂ ಕೆಟ್ಟದ್ದು. ಬಾಗಿಲಿನ ಚೀಲದಲ್ಲಿ, ಅಪ್ಪ ಕನ್ನಡಕ ಇಡುತ್ತಿದ್ದ ಜಾಗದಲ್ಲಿ, ಉಗುಳು ತುಂಬಿ ಒಣಗಿ ಹಲ್ವದ ಗಡ್ಡೆಯಂತೆ ಕೂತಿತ್ತು, ಅದರೊಳಗೆ ಜಿರಲೆಯ ರೆಕ್ಕೆಗಳು. ಸ್ಟೀರಿಂಗಿನ ಕೆಳಗೆ ಯಾರೋ ಮೂಗು ಹಿಂಡಿ ಒರೆಸಿದ ಒಣ ಸಿಂಬಳದ ಸಾಲು. ಛಾವಣಿಯ ಬಟ್ಟೆ ಬೂಷ್ಟು ಹಿಡಿದು ಜೋತು ಬಿದ್ದಿತ್ತು. ಹಿಂದಿನ ಸೀಟಿನ ರೆಕ್ಸಿನ್ ನಡುವೆ ಹರಿದು, ಅಲ್ಲಿಂದ ನಾರು ಹೊರಗೆ ಬಂದಿತ್ತು. ನಾನು ಆಸ್ಪತ್ರೆಯ ಕೈಗವಸು ಹಾಕಿಕೊಂಡು, ಬಾಯಿಗೆ ಬಟ್ಟೆ ಕಟ್ಟಿಕೊಂಡು ಆ ಸೀಟನ್ನು ಎರಡೂ ಕೈಯಿಂದ ಎತ್ತಿದೆ.

ಕೆಳಗೆ ಸಾರಾಯಿ ಸೀಸೆಗಳು, ಕೋಳಿಯ ಎಲುಬು, ಹೆಂಗಸಿನ ಒಂದು ಮುರಿದ ಬಳೆ, ಹೇಳಬಾರದ ಪೊಟ್ಟಣಗಳು. ಅವುಗಳ ನಡುವೆ ನಾರು, ಕಾಗದ, ಬಟ್ಟೆಯ ಚೂರು ಕಲೆಹಾಕಿ ಇಲಿ ಗೂಡು ಕಟ್ಟಿತ್ತು. ಗೂಡು ಅಲುಗಿತು. ಕಣ್ಣು ಬಿಡದ ಮರಿಗಳು, ನಮ್ಮ ಕಿರುಬೆರಳಿನಷ್ಟು, ಗುಲಾಬಿ ಚರ್ಮದವು, ಸತ್ತ ತಾಯಿಯ ಹೊಟ್ಟೆಗೆ ಮೂತಿ ಒತ್ತಿಕೊಂಡು ಹೊರಳುತ್ತಿದ್ದವು. ತಾಯಿಯ ಹೊಟ್ಟೆ ಒಡೆದು ಹುಳ ಬಿದ್ದಿತ್ತು. ನಾನು ನಲ್ಲಿಯ ಕಡೆಗೆ ಓಡಿದ್ದು ಆಗಲೇ.

ಇಲಿಯ ಮೇಲೆ ನನಗೆ ಸಿಟ್ಟಿರಲಿಲ್ಲ, ಅದು ತನ್ನ ಸಂಸಾರ ಮಾಡಿತ್ತು ಅಷ್ಟೇ. ಆದರೆ ಆ ಬಳೆ, ಆ ಪೊಟ್ಟಣ, ಆ ಎಲುಬು? ಅಪ್ಪ ಬಾಣಂತಿಯರನ್ನು ಮಲಗಿಸಿಕೊಂಡು ಹೋದ ಸೀಟದು. ತಮ್ಮನಿಗೆ ಫೋನ್ ಮಾಡಿದೆ.

"ಅಪ್ಪ ಹೋದಾಗಿಂದ ಗಾಡಿ ಕೊಟ್ಟಿಗ್ಯಾಗ ಮುಚ್ಚಿ ಇಟ್ಟೀನಿ ಅಂದಿದ್ದ್ಯಲ್ಲ?"

"ಹೂಂ, ಮುಚ್ಚೇ ಇತ್ತು."

"ಅದರಾಗ ಕುಂತು ಕುಡದೀರಿ. ಕುಡದು ಏನೇನು ಮಾಡೀರೋ ನನಗ ಬಾಯಿಲೆ ಹೇಳಾಕ ಬರೂದಿಲ್ಲ."

ಅವನು ನಕ್ಕ. "ಇಲೆಕ್ಷನ್ದಾಗ ಬಾಡಿಗಿ ಕೊಟ್ಟಿದ್ದೆ ಅಕ್ಕಾ, ಲಗ್ನದಾಗ ಕೊಟ್ಟಿದ್ದೆ. ಮಂದಿ ಕುಂದರ್ತಾರ, ತಿಂತಾರ. ಹಳೀ ಗಾಡಿ ಅಂದ್ರ ಹಂಗೇ ಇರ್ತದ. ಒಂದು ಹೊಸಾ ಕವರ್ ಹೊದಸು, ಮುಗೀತು."

ಆ 'ಮುಗೀತು' ನನ್ನ ಕಿವಿಯಲ್ಲಿ ಕೂತುಬಿಟ್ಟಿತು. ಅವತ್ತಿನಿಂದ ಆ ಕಾರನ್ನು ತೊಳೆಯುವುದು ನನಗೊಂದು ಹಟವಾಯಿತು. ಆಸ್ಪತ್ರೆಯಿಂದ ಬಂದ ಕೂಡಲೇ ಹಳೆಯ ಸೀರೆ ಉಟ್ಟು ಅಂಗಳಕ್ಕೆ ಇಳಿಯುತ್ತಿದ್ದೆ. ಬಾಗಿಲಿನ ಚೀಲಗಳನ್ನು ಬಿಚ್ಚಿ ಬಿಸಿನೀರಲ್ಲಿ ನೆನೆಸಿಟ್ಟರೆ ನೀರು ರಕ್ತದ ಹಾಗೆ ಕೆಂಪಾಗುತ್ತಿತ್ತು. ಹಲ್ಲುಜ್ಜುವ ಹಳೆಯ ಬ್ರಷ್ಷಿನಿಂದ ಸಂದಿಸಂದಿ ಉಜ್ಜಿದೆ. ನೆಲದ ಮ್ಯಾಟು ಕಿತ್ತಾಗ ಅದರಡಿಯ ಕೆಸರಿನಲ್ಲಿ ಎರೆಹುಳ ಇದ್ದವು. ಲೋಹಕ್ಕೆ ಅಡಿಗೆ ಸೋಡಾ ಹಚ್ಚಿದೆ, ವಿನೆಗರ್ ಹಚ್ಚಿದೆ, ಬಾಗಿಲು ತೆರೆದು ದಿನಗಟ್ಟಲೆ ಬಿಸಿಲಿಗೆ ಬಿಟ್ಟೆ. ಆದರೂ ವಾಸನೆ ಹೋಗಲಿಲ್ಲ. ಊಟಕ್ಕೆ ಕೂತರೆ ಬೆರಳುಗಳಿಂದ ಅದೇ ಹುಳಿ. ನನ್ನ ಗಂಡ ತಟ್ಟೆಯನ್ನು ಸ್ವಲ್ಪ ದೂರಕ್ಕೆ ಎಳೆದುಕೊಂಡದ್ದನ್ನು ನಾನು ನೋಡಿದೆ.

"ಗುಜರಿಗಿ ತೂಕಕ್ಕ ಹಾಕಿಬಿಡು ಅದನ್ನ," ಅಂದರು.

"ಇಲ್ರಿ," ಅಂದೆ. "ಒಂದ್ಸಲ ಅದು ಸ್ವಚ್ಛ ಇದ್ದದ್ದು ನಾ ನೋಡೀನಿ."

ಬಣ್ಣಕ್ಕೆ ಹೆದ್ದಾರಿಯ ಪಕ್ಕದ ಒಬ್ಬ ಪೇಂಟರನ ಹತ್ತಿರ ಎಳೆಸಿಕೊಂಡು ಒಯ್ದೆ. ಬಾಗಿಲುಗಳ ಕೆಳಗಿನ ತಗಡು ತುಕ್ಕು ತಿಂದು ಜರಡಿಯಾಗಿತ್ತು. ಅದನ್ನು ಕೊಯ್ದು ಹೊಸ ತಗಡು ಬೆಸೆಯಬೇಕೆಂದು ಹೇಳಿ ಬಂದಿದ್ದೆ. ಕೆಲವು ದಿನ ಬಿಟ್ಟು ಹೋದರೆ ಕೆಳಭಾಗವೆಲ್ಲ ನುಣ್ಣಗೆ, ಬೂದು ಪ್ರೈಮರ್ ಹೊಡೆದು, ತಗಡೇ ಅನ್ನುವ ಹಾಗಿತ್ತು. ಬೆಸುಗೆಯ ಗುರುತು ಎಲ್ಲೂ ಕಾಣಲಿಲ್ಲ. ಅನುಮಾನ ಬಂದು ಅಲ್ಲೇ ಬಿದ್ದಿದ್ದ ಸ್ಕ್ರೂಡ್ರೈವರಿನಿಂದ ಒತ್ತಿದೆ. ಅದು ಬೆಣ್ಣೆಯಲ್ಲಿ ಇಳಿದ ಹಾಗೆ ಒಳಗೆ ಹೋಯಿತು. ಎಳೆದರೆ ತೂತು ಮುಚ್ಚಲು ಮೆತ್ತಿದ ಪುಟ್ಟಿಯ ಹೆಂಟೆ, ಅದರ ಹಿಂದೆ ತುಂಬಿದ ಹಳೆಯ ಪೇಪರು, ಪೇಪರಿನ ಜೊತೆ ಒದ್ದೆ ತುಕ್ಕು. ಕೊಳೆತ ಹುಣ್ಣಿನ ಮೇಲೆ ಪೌಡರ್ ಬಳಿದ ಹಾಗೆ.

ಪೇಂಟರ್ ನಾಚಿಕೊಳ್ಳಲೂ ಇಲ್ಲ. "ಮೇಡಂ, ಮ್ಯಾಲ ಬಣ್ಣ ಬಿತ್ತಂದ್ರ ಒಳಗಿಂದು ಯಾರಿಗಿ ಕಾಣ್ತದ? ಎಲ್ಲಾರೂ ಹಿಂಗೇ ಮಾಡ್ತಾರ್ರಿ."

"ಕೊಯ್ದು ತಗಡು ಹಚ್ಚು," ಅಂದೆ. "ನಾ ಇಲ್ಲೇ ಕುಂದರ್ತೀನಿ."

ರಜೆ ಹಾಕಿ, ಅವನ ಅಂಗಡಿಯ ಮುಂದೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ಮಾಡಿಸಿದೆ. ಅವನು ನನ್ನನ್ನು ಬೈದುಕೊಂಡೇ ಬೆಸೆದ. ಬಣ್ಣ ಯಾವುದೆಂದು ಕೇಳಿದಾಗ ನನಗೂ ಉತ್ತರ ಗೊತ್ತಿರಲಿಲ್ಲ. ಹೊರಗಿನದೆಲ್ಲ ಮಾಸಿ ಬೇರೆಯಾಗಿತ್ತು. ಆಮೇಲೆ ಬಾಗಿಲಿನ ಒಳಬದಿಯ ಹಲಗೆ ಕಳಚಿ ನೋಡಿದರೆ, ಬಿಸಿಲು ತಾಗದ ಜಾಗದಲ್ಲಿ, ಅಂಗೈ ಅಗಲದಷ್ಟು, ಅದೇ ಕೆನೆ ಬಣ್ಣ ಉಳಿದಿತ್ತು. ಅದಕ್ಕೆ ಹೊಂದಿಸಿ ಕಲಸಲು ಹೇಳಿದೆ. ಉಳಿದ ನೀಲಿಯನ್ನೂ ಉಗುಳನ್ನೂ ನಾನೇ ನೀರು ಹಾಕಿ ಒರಟಾದ ವಾಟರ್ ಪೇಪರಿನಿಂದ ತಿಕ್ಕಿ ತೆಗೆದೆ. ಪೇಂಟರ್ ತಾನು ಮಾಡುತ್ತೇನೆಂದ. ನಾನು ಬಿಡಲಿಲ್ಲ. ಆ ಗೆರೆಗಳು ತೇಯ್ದು ಮಾಯವಾಗುವುದನ್ನು ನನ್ನ ಕಣ್ಣಿಂದ ನೋಡಬೇಕಿತ್ತು.

ಒಳಗಿನ ಕೆಲಸಕ್ಕೆ ತಾಂಡೂರಿಗೆ ಹೋದೆ. ಅಲ್ಲಿ ರೈಲ್ವೆ ಸ್ಟೇಷನ್ನಿನ ಹಿಂದೆ ಹಳೆಯ ಗಾಡಿಗಳ ಸೀಟು ಹೊಲಿಯುವ ಒಬ್ಬನಿದ್ದಾನೆಂದು ನಮ್ಮ ಆಸ್ಪತ್ರೆಯ ಡ್ರೈವರ್ ಹೇಳಿದ್ದ. ಊರ ಸುತ್ತಲಿನ ಕಲ್ಲಿನ ಗಣಿಯ ಬಿಳಿ ಧೂಳು ಅವನ ಅಂಗಡಿಯ ರೆಕ್ಸಿನ್ ಸುರುಳಿಗಳ ಮೇಲೂ ಕೂತಿತ್ತು. ಬಹಳ ಮಾತಿನ ಮನುಷ್ಯ. ನಮ್ಮ ಸೀಟಿನ ಹಳೆಯ ನಾರನ್ನು ಹೊರಗೆಳೆಯುತ್ತ, ತಾನು ಈವರೆಗೆ ಯಾರ ಯಾರ ಸೀಟಿನಲ್ಲಿ ಏನೇನು ಕಂಡಿದ್ದೇನೆ ಅಂತ ರುಚಿ ಹಿಡಿದವರ ಹಾಗೆ ಹೇಳತೊಡಗಿದ. ಯಾರದೋ ಕಟ್ಟಿಸಿದ ಹಲ್ಲು, ಯಾರದೋ ಕೂಸಿನ ಹೇಲುಬಟ್ಟೆ. ಹೇಳುತ್ತಲೇ ದಾರ ಬಾಯಿಗಿಟ್ಟು ನೆಕ್ಕಿ ಸೂಜಿಗೆ ಪೋಣಿಸುತ್ತಿದ್ದ.

"ಸಾಕು ಬಿಡ್ರಿ," ಅಂದೆ.

"ನಿಮಗ ಹೇಸಿಗಿ ಬರ್ತದೇನ್ರಿ? ನನಗ ಏನೂ ಅನಸೂದೇ ಇಲ್ಲ. ರೂಢಿ ಆಗ್ಯದ."

ನನಗೂ ಪ್ರಯೋಗಾಲಯದಲ್ಲಿ ರೂಢಿಯಾಗಿದೆ. ಆದರೆ ಅಲ್ಲಿ ಡಬ್ಬಿಯ ಮೇಲೆ ರೋಗಿಯ ಹೆಸರಿರುತ್ತದೆ, ರೋಗ ಹೋಗಲೆಂದು ಅವರು ತಂದಿರುತ್ತಾರೆ. ಇದು ಹಾಗಲ್ಲ. ಮನುಷ್ಯ ಹೇಗೇ ಇರಲಿ, ಕೆಲಸ ಚೆನ್ನಾಗಿ ಮಾಡಿದ. ಕೆನೆ ಬಣ್ಣದ ರೆಕ್ಸಿನ್, ಅಂಚಿಗೆ ಕಂದು ಪಟ್ಟಿ, ಛಾವಣಿಗೆ ಹೊಸ ಬಟ್ಟೆ ಬಿಗಿದು ಹೊಲಿದು ಕೊಟ್ಟ. ಎಂಜಿನ್ನನ್ನು ಅಷ್ಟರಲ್ಲಿ ಮೆಕ್ಯಾನಿಕ್ ಸರಿ ಮಾಡಿದ್ದ. ತಾಂಡೂರಿನಿಂದ ನಾನೇ ಓಡಿಸಿಕೊಂಡು ಬಂದೆ. ಎರಡೂ ಕಡೆ ತೊಗರಿ ಹೂಬಿಟ್ಟಿತ್ತು. ಕಿಟಕಿ ತೆರೆದರೆ ಗಾಳಿ, ಮುಚ್ಚಿದರೆ ಹೊಸ ರೆಕ್ಸಿನ್ನಿನ ವಾಸನೆ, ಬೇರೇನೂ ಇಲ್ಲ. ಆ ಇಡೀ ತಿಂಗಳಲ್ಲಿ ನಾನು ಬೆರಳು ಮೂಸಿ ನೋಡದೆ ಉಂಡದ್ದು ಅವತ್ತೊಂದು ದಿನ.

ಸಹಿಯ ದಿನ ಅದೇ ಕಾರಿನಲ್ಲಿ ತವರಿಗೆ ಹೋದೆ. ಅಷ್ಟು ಹೊತ್ತಿಗೂ ನಾನು ಸಹಿ ಹಾಕುವುದಿಲ್ಲ ಅಂತ ಅಂದುಕೊಂಡಿರಲಿಲ್ಲ. ಅವ್ವ ಕಾರಿನ ಸುತ್ತ ಒಂದು ಸಲ ನಡೆದು, ಮೂತಿಯ ಮೇಲೆ ಕೈ ಇಟ್ಟು ನಿಂತಳು. ತಮ್ಮ ಶಿಳ್ಳೆ ಹಾಕಿದ.

"ಏನ್ ಚಮಕಾಸೀದಿ ಅಕ್ಕಾ. ಹಿಂಗಿದ್ರ ಲಗ್ನಕ್ಕ ಡಬಲ್ ಬಾಡಿಗಿ ಬರ್ತದ. ಒಂದ್ ಸೀಸನ್ ಇಲ್ಲೇ ಬಿಟ್ಟು ಹೋಗು."

ನಾನು ಮುಂದಿನ ಬಾಗಿಲು ತೆರೆದೆ. ಅವ್ವ ನನ್ನ ಪಕ್ಕ ಮುಂದೆ ಕೂತಳು. ತಮ್ಮನೂ, ಸಾಕ್ಷಿಗೆ ಬಂದ ಅವನ ಗೆಳೆಯನೂ ಹಿಂದೆ ಹತ್ತಿದರು, ಹೊಲದ ಕೆಸರು ಮೆತ್ತಿದ ಚಪ್ಪಲಿಯಲ್ಲೇ. ನಾರಾಯಣಖೇಡದ ದಾರಿ ಹಿಡಿದೆವು. ಊರು ದಾಟುತ್ತಿದ್ದಂತೆ ಹಿಂದಿನಿಂದ ಸಣ್ಣ ಪಾಕೀಟು ಹರಿಯುವ ಸದ್ದು ಕೇಳಿತು. ಕನ್ನಡಿಯಲ್ಲಿ ನೋಡಿದೆ. ತಮ್ಮ ತಲೆ ಮೇಲೆತ್ತಿ ಗುಟ್ಕಾ ಬಾಯಿಗೆ ಸುರಿದುಕೊಂಡು, ಖಾಲಿ ಪಾಕೀಟನ್ನು ಸೀಟಿನ ಸಂದಿಗೆ ತುರುಕಿದ.

"ಉಗಳೂದಿದ್ರ ಹೇಳು, ಗಾಡಿ ನಿಂದರಸ್ತೀನಿ," ಅಂದೆ.

ಅವನು ಬಾಯಿ ತುಂಬಿಕೊಂಡೇ ಗೆಳೆಯನ ಜೊತೆ ಏನೋ ಮಾತಾಡಿ ನಕ್ಕ. ಆಮೇಲೆ ಓಡುವ ಗಾಡಿಯಿಂದಲೇ ಕಿಟಕಿಗೆ ತಲೆ ಚಾಚಿ ಉಗುಳಿದ. ಗಾಳಿಗೆ ಅದು ಹಿಂದಕ್ಕೆ ಬಂದು ಬಾಗಿಲ ಮೇಲೆ ಬಡಿಯಿತು. ಒಂದಿಷ್ಟು ಒಳಗೂ ಬಿತ್ತು.

ಗಾಡಿಯನ್ನು ರಸ್ತೆಯ ಬದಿಗೆ ತಂದು ನಿಲ್ಲಿಸಿದೆ. ಇಳಿದು ಹಿಂದೆ ಹೋಗಿ ನೋಡಿದೆ. ಕೆನೆ ಬಣ್ಣದ ಮೇಲೆ ಕೆಂಪು ಇಳಿಯುತ್ತಿತ್ತು, ನೊರೆ ನೊರೆಯಾಗಿ, ಅಡಿಕೆಯ ಚೂರುಗಳನ್ನು ಎಳೆದುಕೊಂಡು. ನನ್ನ ಬಾಯಲ್ಲಿ ನೀರೂರಿತು, ವಾಂತಿಗೆ ಮುಂಚೆ ಊರುವ ಹಾಗೆ. ಡಿಕ್ಕಿಯಿಂದ ಬಟ್ಟೆ ತೆಗೆದು ತಮ್ಮನ ಮುಂದೆ ಹಿಡಿದೆ.

"ಇಳದು ಒರಸು."

"ಆಫೀಸಿನ್ ಮುಂದ ತೊಳದ್ರಾತು ನಡಿ. ಟೈಮ್ ಆಗ್ಲತ್ತದ."

"ಒರಸು ಅಂದೆ."

ಅವನು ಗೆಳೆಯನ ಮುಖ ನೋಡಿದ. "ಹುಚ್ಚಿ ಆಗ್ಯಾಳ ಗಾಡಿ ಸಲುವಾಗಿ," ಅಂದು ಸೀಟಿಗೆ ಒರಗಿಕೊಂಡ. ಇಳಿಯಲಿಲ್ಲ.

ಆಗ ಮುಂದಿನ ಬಾಗಿಲು ತೆರೆಯಿತು. ಅವ್ವ ಇಳಿದಳು. ಮೊಣಕಾಲು ನೋವಿನವಳು, ಬಾಗಿಲು ಹಿಡಿದುಕೊಂಡು ನಿಧಾನ ಬಂದು, ನನ್ನ ಕೈಯಲ್ಲಿದ್ದ ಬಟ್ಟೆಯನ್ನೂ ತೆಗೆದುಕೊಳ್ಳದೆ, ಸೆರಗಿನ ತುದಿಯಿಂದ ಆ ಉಗುಳನ್ನು ಒರೆಸತೊಡಗಿದಳು.

"ಯಾಕ್ ಜಗಳಾಡ್ತಿ ಯವ್ವಾ. ಗಂಡಸು, ಉಗಳ್ಯಾನ. ನಾ ಒರಸ್ತೀನಲ್ಲ," ಅಂದಳು.

ಮಾತಿನಲ್ಲಿ ಬೇಸರವೂ ಇರಲಿಲ್ಲ. ಒರೆಸಿದ ಜಾಗವನ್ನು ಒಳಗೆ ಮಡಚಿ, ಒಣ ಜಾಗದಿಂದ ಮತ್ತೆ ಒರೆಸಿದಳು. ರೂಢಿಯ ಕೈ. ಆ ಮನೆಯಲ್ಲಿ ಅವಳು ದಿನಾ ಗೋಡೆ, ಕಟ್ಟೆ, ಬಚ್ಚಲು ಹೀಗೇ ಒರೆಸುತ್ತಾಳೆಂದು ಆ ಕೈ ನೋಡಿದರೇ ತಿಳಿಯುತ್ತಿತ್ತು. ತಮ್ಮ ಕಿಟಕಿಯೊಳಗೆ ಮೊಬೈಲು ನೋಡುತ್ತ ಕೂತಿದ್ದ. ಅವನ ಬಾಯಿ ಇನ್ನೂ ಆಡುತ್ತಿತ್ತು.

ಇಲಿಯ ಗೂಡು ಕಂಡಾಗಲೂ ಆಗದಷ್ಟು ಹೇಸಿಗೆ ನನಗೆ ಅಲ್ಲಿ ಆಯಿತು. ತಮ್ಮನ ಮೇಲೆ ಆಯಿತು. ಅವ್ವನ ಆ ಸೆರಗಿನ ಮೇಲೂ ಆಯಿತು, ಅವಳು ಅದನ್ನೇ ಮತ್ತೆ ಹೆಗಲಿಗೆ ಹಾಕಿಕೊಂಡಾಗ ಎರಡು ಹೆಜ್ಜೆ ಹಿಂದೆ ಸರಿದೆ. ಹೆತ್ತವಳಿಂದ ಹಾಗೆ ಸರಿದದ್ದು ಇವತ್ತಿಗೂ ಮೈಯಲ್ಲಿದೆ.

"ನಾ ಸಹಿ ಹಾಕೂದಿಲ್ಲ," ಅಂದೆ.

ತಮ್ಮ ಮೊಬೈಲಿನಿಂದ ತಲೆ ಎತ್ತಿದ. "ಏನಂದಿ?"

"ಹೊಲದಾಗ ನನ್ನ ಪಾಲು ನನಗ ಬೇಕು. ನೀವಿಬ್ಬರೂ ಇಳೀರಿ."

ಅವನು ಬೈದ. ಗಂಡನ ಮಾತು ಕೇಳಿ ಮನೆ ಒಡೆಯುತ್ತಿದ್ದೀಯ ಅಂದ. ಕಾರು ಕೊಟ್ಟದ್ದನ್ನು ಎತ್ತಿ ಆಡಿದ. ಗೆಳೆಯ ನಡುವೆ ಬಾಯಿ ಹಾಕಿ, "ಅಕ್ಕಾ, ಉಗಳಿಂದು ಮಾತೇನು ದೊಡ್ಡದು, ಬಿಡ್ರಿ," ಅಂದ. ನಾನು ಹಿಂದಿನ ಬಾಗಿಲು ತೆರೆದು ಹಿಡಿದು ನಿಂತೆ. ಕೊನೆಗೆ ಇಬ್ಬರೂ ಇಳಿದರು. ಅವ್ವನಿಗೆ, "ನೀ ಕೂಡವ್ವಾ, ಮನಿಗೆ ಬಿಡ್ತೀನಿ," ಅಂದೆ. ಅವಳು ತಲೆಯಾಡಿಸಿ ಮಗನ ಹತ್ತಿರ ಹೋಗಿ ನಿಂತಳು. ಕಂಗ್ಟಿ ಕಡೆಯ ಬಸ್ಸು ಬರುವವರೆಗೆ ನಾನು ದೂರದಲ್ಲಿ ಕಾರಿನೊಳಗೆ ಕೂತು ನೋಡುತ್ತಿದ್ದೆ. ಮೂವರೂ ಬಸ್ಸು ಹತ್ತಿ ಹೋದರು.

ಮುಂದೆ ಆಗಬೇಕಾದದ್ದೆಲ್ಲ ಆಯಿತು. ನೆಂಟರು ಫೋನ್ ಮಾಡಿ ಬುದ್ಧಿ ಹೇಳಿದರು. ಸಹಿ ಹಾಕಿದ್ದ ಅತ್ತೆಯೊಬ್ಬಳು ಎಲ್ಲರಿಗಿಂತ ಹೆಚ್ಚು ಬೈದಳು. ಹೊಲ ಅಳೆಸಿ ನನ್ನ ಪಾಲಿಗೆ ಕಲ್ಲು ನೆಡಿಸುವ ಹೊತ್ತಿಗೆ ಮತ್ತೊಂದು ಮುಂಗಾರು ಬಂದಿತ್ತು. ಈಗ ಪಕ್ಕದ ಹೊಲದವರೇ ಗುತ್ತಿಗೆ ಹಿಡಿದು ಅದರಲ್ಲಿ ತೊಗರಿ ಹಾಕುತ್ತಾರೆ. ತಮ್ಮ ನನ್ನ ಜೊತೆ ಮಾತಾಡುವುದಿಲ್ಲ. ಅದರ ದುಃಖ ನನಗೆ ಇಲ್ಲವೆಂದು ಹೇಳಿದರೆ ಅದು ಸುಳ್ಳು. ಆದರೆ ಅವನ ಮುಖ ನೆನಪಾದರೆ ಆ ಆಡುವ ಬಾಯಿಯೇ ಮೊದಲು ನೆನಪಾಗುತ್ತದೆ, ಊಟದ ಹೊತ್ತಾದರೆ ಎದ್ದು ಹೋಗುತ್ತೇನೆ.

ಅವ್ವ ಈ ವರ್ಷ ಕಣ್ಣು ತೋರಿಸಲು ಜಹೀರಾಬಾದಿಗೆ ಬಂದಳು. ಒಬ್ಬಳೇ, ಬಸ್ಸಿನಲ್ಲಿ. ಸ್ಟ್ಯಾಂಡಿಗೆ ಕಾರು ಒಯ್ದಿದ್ದೆ. ಸಿಟ್ಟು ಮಾಡಿ ಹತ್ತುವುದಿಲ್ಲವೇನೋ ಅಂದುಕೊಂಡಿದ್ದೆ, ಹತ್ತಿದಳು. ಹತ್ತುವ ಮುಂಚೆ ಚಪ್ಪಲಿ ಬಿಟ್ಟು ಅವನ್ನು ಕೈಯಲ್ಲಿ ಹಿಡಿದುಕೊಂಡಳು. ಸೀಟಿನ ಅಂಚಿನಲ್ಲಿ ಬೆನ್ನು ತಾಗದ ಹಾಗೆ, ಸೆರಗನ್ನು ತೊಡೆಯ ಮೇಲೆ ಮುದುರಿಕೊಂಡು ಕೂತಳು.

"ಸರೀ ಒರಗಿ ಕೂಡವ್ವಾ."

"ಬ್ಯಾಡ ಯವ್ವಾ. ಬಸ್ಸಿನ್ಯಾಗ ಬಂದೀನಿ, ಹೊಲಸ ಆಗ್ತದ ನಿನ್ನ ಗಾಡಿ."

ನಾನು ಆ ಚಪ್ಪಲಿಗಳನ್ನು ಅವಳ ಕೈಯಿಂದ ಬಿಡಿಸಿ ಕೆಳಗಿಟ್ಟು, ಅವಳ ಹೆಗಲು ಹಿಡಿದು ಹಿಂದಕ್ಕೆ ಒರಗಿಸಿದೆ. ಸ್ವಲ್ಪ ದೂರ ಹೋಗುವವರೆಗೆ ಒರಗಿದ್ದಳು. ಆಮೇಲೆ, ನಾನು ರಸ್ತೆ ನೋಡುತ್ತಿದ್ದಾಗ, ಮತ್ತೆ ಮುಂದಕ್ಕೆ ಸರಿದು ಅಂಚಿನಲ್ಲೇ ಕೂತಳು. ದವಾಖಾನೆ ಬರುವವರೆಗೂ ಹಾಗೇ ಕೂತಿದ್ದಳು.